ಸಂಘದ ಹಳೆಯ ಫ್ಲಾಪಿಗಳು 'ಫಾರ್ಮ್ಯಾಟ್ ಮಾಡಲೇ' ಎಂದು ಕೇಳುತ್ತಿವೆ. ಒಳಗಿನ ಕನ್ನಡ ಲೇಖನಗಳು ಸಿಗುತ್ತವೆಯೇ?

ಡೊಂಬಿವಲಿಯ ನಿಮ್ಮ ಕನ್ನಡ ಸಂಘದ ಕಪಾಟಿನಲ್ಲಿ ತೊಂಬತ್ತರ ದಶಕದ ಸ್ಮರಣಸಂಚಿಕೆಗಳ ಫ್ಲಾಪಿಗಳು ಸಿಕ್ಕಿವೆ, ಕೆಲವು ದೊಡ್ಡವು (5.25 ಇಂಚು), ಉಳಿದವು ಮೂರೂವರೆ ಇಂಚಿನವು, ಯುಎಸ್‌ಬಿ ಡ್ರೈವಿಗೆ ಹಾಕಿದರೆ ವಿಂಡೋಸ್ ಫಾರ್ಮ್ಯಾಟ್ ಮಾಡಲೇ ಎನ್ನುತ್ತಿದೆ ಎಂದಿದ್ದೀರಿ. ಬೇಡ ಎನ್ನಿ, ಫ್ಲಾಪಿ ಹೊರತೆಗೆಯಿರಿ. ಆ ಸಂದೇಶ ಬಂದ ಮಾತ್ರಕ್ಕೆ ಎಲ್ಲ ಅಳಿಸಿಹೋಗಿದೆ ಎಂದಲ್ಲ.

ಮೊದಲು ಬರಹ ತಡೆ. ಮೂರೂವರೆ ಇಂಚಿನದರಲ್ಲಿ ಮೂಲೆಯ ಗುಂಡಿ ಸರಿಸಿ ಕಿಂಡಿ ತೆರೆದರೆ ಅದರ ಮೇಲೆ ಏನನ್ನೂ ಬರೆಯಲು ಬರುವುದಿಲ್ಲ. 5.25 ಇಂಚಿನದರಲ್ಲಿ ಇದು ಉಲ್ಟಾ: ಪಕ್ಕದ ಕಚ್ಚನ್ನು ಮುಚ್ಚಬೇಕು. ಪಾರದರ್ಶಕ ಟೇಪ್ ಬೇಡ, ಕೆಲವು ಡ್ರೈವ್‌ಗಳು ಆ ಕಚ್ಚನ್ನು ಬೆಳಕಿನಿಂದ ನೋಡುತ್ತವೆ.

ಆಮೇಲೆ ಬೂಷ್ಟು. ಮುಂಬೈ ಮಳೆಗಾಲಗಳನ್ನು ಕಂಡ ಫ್ಲಾಪಿ ಎಂದರೆ ಮೊದಲ ಅನುಮಾನ ಅದೇ. ಲೋಹದ ಮುಚ್ಚಳ ಸರಿಸಿ, ನಡುವಿನ ಚಕ್ರವನ್ನು ಬೆರಳಿನಿಂದ ನಿಧಾನಕ್ಕೆ ತಿರುಗಿಸುತ್ತ ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ಬಿಳಿ ಚುಕ್ಕೆ, ಜೇಡರ ಬಲೆಯಂಥ ಎಳೆ ಕಂಡರೆ ಡ್ರೈವಿಗೆ ಹಾಕಬೇಡಿ. ಡ್ರೈವಿನ ಹೆಡ್ (ಫ್ಲಾಪಿಯನ್ನು ಮುಟ್ಟಿ ಓದುವ ಭಾಗ) ಆ ಬೂಷ್ಟನ್ನು ಉಜ್ಜಿದರೆ ಕಾಂತೀಯ ಲೇಪ ಕಿತ್ತುಬರುತ್ತದೆ, ಕೊಳೆ ಹೆಡ್ಡಿಗೆ ಅಂಟಿ ಮುಂದಿನ ಫ್ಲಾಪಿಯನ್ನೂ ಗೀಚುತ್ತದೆ. ಹೊರಕವಚ ಬಿಡಿಸಿ (ದೊಡ್ಡದಾದರೆ ಮೇಲಂಚು ಕತ್ತರಿಸಿ) ತಟ್ಟೆಯನ್ನು ಹೊರತೆಗೆದು, ಒಂದೇ ಹನಿ ಪಾತ್ರೆ ತೊಳೆಯುವ ದ್ರವ ಹಾಕಿದ ಡಿಸ್ಟಿಲ್ಡ್ ನೀರಿನಲ್ಲಿ ಮೆತ್ತಗೆ ತೊಳೆಯಿರಿ. ಸಾದಾ ಡಿಸ್ಟಿಲ್ಡ್ ನೀರಿನಲ್ಲಿ ಜಾಲಾಡಿ, ನೆರಳಲ್ಲಿ ಪೂರ್ತಿ ಒಣಗಿಸಿ, ಖಾಲಿ ಮಾಡಿದ ಬೇರೊಂದು ಕವಚಕ್ಕೆ ಸೇರಿಸಿ. ಅಸಿಟೋನ್ ಹತ್ತಿರವೂ ತರಬೇಡಿ. ಡ್ರೈವಿನ ಹೆಡ್ಡನ್ನು ಮಾತ್ರ ಐಸೊಪ್ರೊಪಿಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಬೇಕು, ಕೊಳೆಯಿದ್ದ ಪ್ರತಿ ಫ್ಲಾಪಿಯ ನಂತರವೂ. ಓದುವಾಗ ಟಿಕ್ ಟಿಕ್ ಸದ್ದು ಸಹಜ. ಕೆರೆದಂಥ, ಕೀರಲು ಸದ್ದು ಬಂದರೆ ತಕ್ಷಣ ನಿಲ್ಲಿಸಿ.

ಈಗ ಪ್ರತಿ. ಕಡತಗಳನ್ನು ಒಂದೊಂದಾಗಿ ಎಳೆದು ನಕಲಿಸಲು ಹೋಗಬೇಡಿ, ಇಡೀ ಫ್ಲಾಪಿಯ ಇಮೇಜ್ ತೆಗೆಯಿರಿ, ಅಂದರೆ ಅದರಲ್ಲಿರುವ ಪ್ರತಿ ಬೈಟನ್ನೂ ಇದ್ದ ಹಾಗೆಯೇ ಒಂದೇ ಕಡತಕ್ಕೆ ಇಳಿಸಿಕೊಳ್ಳಿ. ಲಿನಕ್ಸ್‌ನಲ್ಲಿ ಇದಕ್ಕೆಂದೇ ಜಿಎನ್‌ಯು ಡಿಡಿರೆಸ್ಕ್ಯೂ (ddrescue) ಎಂಬ ತಂತ್ರಾಂಶ ಇದೆ. ಮೊದಲ ಸುತ್ತು ಹೈಫನ್ ಎನ್ (-n) ಆಯ್ಕೆಯೊಂದಿಗೆ, ಸುಲಭಕ್ಕೆ ಸಿಗುವುದನ್ನು ಬಾಚಿಕೊಳ್ಳಲು. ಎರಡನೆಯದು ಹೈಫನ್ ಡಿ ಮತ್ತು ಹೈಫನ್ ಆರ್3 (-d -r3) ಕೊಟ್ಟು, ಬಿಟ್ಟುಹೋದ ಸೆಕ್ಟರ್‌ಗಳಿಗಾಗಿ (ಸೆಕ್ಟರ್ ಎಂದರೆ ಫ್ಲಾಪಿಯ 512 ಬೈಟ್‌ಗಳ ಒಂದು ತುಂಡು). ಎರಡೂ ಸಲ ಅದೇ ಮ್ಯಾಪ್ ಕಡತ (ಯಾವ ಜಾಗ ಓದಿತು, ಯಾವುದು ಓದಲಿಲ್ಲ ಎಂಬ ದಾಖಲೆ) ಕೊಡಿ. ಹಾಗೆ ಮಾಡಿದರೆ ಇನ್ನೊಂದು ಡ್ರೈವಿನಲ್ಲಿ ಮುಂದುವರಿಸಿದಾಗಲೂ ಓದಲಾಗದ ಜಾಗಗಳನ್ನಷ್ಟೇ ಮತ್ತೆ ಪ್ರಯತ್ನಿಸುತ್ತದೆ. ಡ್ರೈವ್ ಬದಲಿಸುವುದು ನಿಜಕ್ಕೂ ಕೆಲಸ ಮಾಡುವ ಉಪಾಯ. ಅಂದು ಬರೆದ ಡ್ರೈವಿನ ಹೆಡ್ ಕೂದಲೆಳೆಯಷ್ಟು ಪಕ್ಕಕ್ಕಿದ್ದರೆ ಇಂದಿನದು ಅದನ್ನು ಓದದೆ ಇರಬಹುದು, ಮತ್ತೊಂದು ಓದಬಹುದು. ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಹಳೆ ಬಿಡಿಭಾಗದ ಅಂಗಡಿಗಳಲ್ಲಿ 34 ಪಿನ್ನಿನ ಒಳಡ್ರೈವ್ ಕೇಳಿ ನೋಡಿ. ಅಗ್ಗದ ಯುಎಸ್‌ಬಿ ಡ್ರೈವ್‌ಗಿಂತ ಅದೇ ಮೇಲು. 5.25 ಇಂಚಿನದಕ್ಕಂತೂ ಬೇರೆ ದಾರಿಯಿಲ್ಲ: ಹಳೆಯ ಡ್ರೈವ್, ಅದಕ್ಕೆ 5 ಮತ್ತು 12 ವೋಲ್ಟ್ ಕೊಡುವ ಪವರ್ ಸಪ್ಲೈ, ಯುಎಸ್‌ಬಿಗೆ ಜೋಡಿಸಲು ಗ್ರೀಸ್‌ವೀಝಲ್‌ನಂಥ ಬೋರ್ಡ್.

ಇಮೇಜ್ ಸರಿಯಾಗಿ ಬಂದಿದ್ದರೆ ಗಾತ್ರ 1.44 ಎಂಬಿ ಫ್ಲಾಪಿಗೆ 14,74,560 ಬೈಟ್, 720 ಕೆಬಿಯದಕ್ಕೆ 7,37,280, ದೊಡ್ಡದರಲ್ಲಿ 360 ಕೆಬಿಗೆ 3,68,640.

'ಫಾರ್ಮ್ಯಾಟ್ ಮಾಡಲೇ' ಎಂಬುದರ ಗುಟ್ಟು ಇಲ್ಲಿದೆ. 1.44 ಫ್ಲಾಪಿಯಲ್ಲಿ 2,880 ಸೆಕ್ಟರ್‌ಗಳು. ಸೊನ್ನೆಯದು ಬೂಟ್ ಸೆಕ್ಟರ್ (ಫ್ಲಾಪಿಯ ಗಾತ್ರ, ರಚನೆಗಳ ವಿವರ ಇರುವುದು), 1ರಿಂದ 9 ಮೊದಲ ಫ್ಯಾಟ್ (ಯಾವ ಕಡತದ ತುಂಡುಗಳು ಎಲ್ಲೆಲ್ಲಿವೆ ಎಂಬ ಕೋಷ್ಟಕ), 10ರಿಂದ 18 ಅದರ ನಕಲು, 19ರಿಂದ 32 ಕಡತಗಳ ಪಟ್ಟಿ. 33ರಿಂದ ಲೇಖನಗಳು. ಬೂಟ್ ಸೆಕ್ಟರ್ ಒಂದು ಕೆಟ್ಟರೂ ಸಾಕು, ಉಳಿದ 2,879 ಚೆನ್ನಾಗಿದ್ದರೂ ವಿಂಡೋಸ್ ಕೈಯೆತ್ತುತ್ತದೆ. ಇಮೇಜಿನ ಒಂದು ನಕಲು ಮಾಡಿ, ಅದರ ಮೊದಲ 512 ಬೈಟ್‌ಗಳ ಜಾಗಕ್ಕೆ ಚೆನ್ನಾಗಿರುವ ಇನ್ನೊಂದು 1.44 ಫ್ಲಾಪಿಯ ಮೊದಲ 512 ಬೈಟ್ ಹಾಕಿ. ಮೊದಲ ಫ್ಯಾಟ್ ಹಾಳಾಗಿದ್ದರೆ ಎರಡನೆಯದನ್ನು ಅದರ ಮೇಲೆ ನಕಲಿಸಿ. ನಂತರ 7-ಜಿಪ್ ತಂತ್ರಾಂಶ ಆ ಇಮೇಜನ್ನು ನೇರವಾಗಿ ತೆರೆಯುತ್ತದೆ. ಮೂಲ ಇಮೇಜನ್ನು ಮಾತ್ರ ತಿದ್ದಬೇಡಿ.

ಫ್ಲಾಪಿಯ ಹೆಸರು (ವಾಲ್ಯೂಮ್ ಲೇಬಲ್) ಪಿಕೆಬ್ಯಾಕ್ (PKBACK) ಎಂದು ಶುರುವಾದರೆ ಅದು ಹಲವು ಫ್ಲಾಪಿಗೆ ಹರಡಿದ ಜಿಪ್. ಕಡತಗಳ ಪಟ್ಟಿ ಕೊನೆಯ ಫ್ಲಾಪಿಯಲ್ಲಿರುತ್ತದೆ, ಮೊದಲು ಅದನ್ನು ಹುಡುಕಿ.

ಇಷ್ಟಾದ ಮೇಲೂ ಕನ್ನಡ ಕಾಣದೆ ಗೊಜಲು ಕಾಣಬಹುದು, ಹೆಚ್ಚಿನವರು ಕೈಬಿಡುವುದು ಇಲ್ಲೇ. ಪುಣೆಯ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ (ಕಂಪ್ಯೂಟರಿಗೆ ಭಾರತೀಯ ಲಿಪಿ ಕಲಿಸುತ್ತಿದ್ದ ಬಿಡಿಭಾಗ) ಬಳಸಿ ಡಾಸ್‌ನಲ್ಲಿ ಟೈಪ್ ಮಾಡಿದ್ದರೆ ಅದು ಇಸ್ಕಿ (ISCII), ಯುನಿಕೋಡಿಗೆ ಮುಂಚಿನ ಭಾರತೀಯ ಅಕ್ಷರ ಸಂಕೇತ. ಇದರಲ್ಲಿ ಬ್ರಾಹ್ಮಿ ಮೂಲದ ಭಾರತೀಯ ಲಿಪಿಗಳಿಗೆಲ್ಲ ಒಂದೇ ಸಂಕೇತ: 179 ಎಂದರೆ ಕನ್ನಡದಲ್ಲೂ ಮರಾಠಿಯಲ್ಲೂ 'ಕ'. ನಿಮ್ಮ ಲೇಖನ ದೇವನಾಗರಿಯಲ್ಲಿ ಕಾಣಿಸಿದರೆ ಗಾಬರಿಯಾಗಬೇಡಿ, ಲಿಪಿ ಬದಲಿಸಿದರೆ ಸಾಕು. ವಿಂಡೋಸಿನಲ್ಲಿ ಕನ್ನಡ ಇಸ್ಕಿಯ ಕೋಡ್ ಪೇಜ್ (ಅಕ್ಷರ ಸಂಕೇತದ ಗುರುತು ಸಂಖ್ಯೆ) 57008. ಪವರ್‌ಶೆಲ್‌ನಲ್ಲಿ ಆ ಸಂಖ್ಯೆ ಕೊಟ್ಟು ಓದಿಸಿ, ಯುಟಿಎಫ್-8 ಆಗಿ ಬರೆಸಿ. ವರ್ಡ್‌ಸ್ಟಾರ್ (ಡಾಸ್ ಕಾಲದ ಬರವಣಿಗೆ ತಂತ್ರಾಂಶ) ಕಡತವಾದರೆ ಎಂಟನೇ ಬಿಟ್ ಕಿತ್ತುಹಾಕಿ, ಅಂದರೆ 128ಕ್ಕಿಂತ ಮೇಲಿನ ಸಂಕೇತಗಳಿಂದ 128 ಕಳೆಯಿರಿ ಎಂಬ ಸಲಹೆ ನಿಮಗೆ ಖಂಡಿತ ಸಿಗುತ್ತದೆ. ಅದು ಇಂಗ್ಲಿಷಿಗೆ ಮಾತ್ರ. ಇಸ್ಕಿಯ ಕನ್ನಡ ಕೂತಿರುವುದೇ 161ರಿಂದ ಮೇಲೆ, ಆ ಬಿಟ್ ಕಿತ್ತರೆ ಒಂದು ಅಕ್ಷರವೂ ಉಳಿಯದು.

ಶ್ರೀಲಿಪಿ, ಆಕೃತಿ, ಬರಹ, ನುಡಿ ಎಂಬ ಕನ್ನಡ ತಂತ್ರಾಂಶಗಳ ಕಥೆ ಬೇರೆ. ಅಲ್ಲಿ ಸಂಕೇತ ಎಂದರೆ ಆ ಫಾಂಟಿನ ಆಕಾರಗಳು, ಆದ್ದರಿಂದ ಯಾವ ಫಾಂಟ್ ಎಂದು ತಿಳಿಯದೆ ಪರಿವರ್ತಕ ಕೆಲಸ ಮಾಡದು. ಡಿಟಿಪಿಯವರು ಫಾಂಟನ್ನೂ ಅದೇ ಫ್ಲಾಪಿಯಲ್ಲಿ ಇಟ್ಟಿರುವುದುಂಟು, ಟಿಟಿಎಫ್ ಕಡತ ಇದೆಯೇ ನೋಡಿ. ಪೇಜ್‌ಮೇಕರ್ 6 ಅಥವಾ 7ರ ಪುಟಗಳಾದರೆ ಲಿಬ್ರೆಆಫೀಸ್ ಡ್ರಾದಲ್ಲಿ ತೆರೆದು ಪಠ್ಯ ತೆಗೆಯಬಹುದು. ಪರಿವರ್ತಿಸಿದ ಮೇಲೆ ಮುದ್ರಿತ ಸಂಚಿಕೆಯೊಂದನ್ನು ಪಕ್ಕದಲ್ಲಿಟ್ಟು ಸೂರ್ಯ, ಕರ್ನಾಟಕ, ಕಾರ್ಯದರ್ಶಿಯಂಥ ಪದಗಳನ್ನೇ ಹುಡುಕಿ ನೋಡಿ. ಈ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ರ ಮೊದಲು ಬರಬೇಕು. ಪರಿವರ್ತಕಗಳು ಹೆಚ್ಚಾಗಿ ಎಡವುವುದು ಅಲ್ಲಿಯೇ.