ತ್ರೀ-ಡಿ ಡಿಸೈನೋ, ಡಿಸೈನ್ ಅಂಡ್ ಟೆಕ್ನಾಲಜಿಯೋ?

(ಪತ್ರದ ಸಾರ: ಇಂಗ್ಲೆಂಡಿನ ಶಾಲೆಯಲ್ಲಿ 9ನೇ ವರ್ಷದ ತರಗತಿಯಲ್ಲಿರುವ (13–14ರ ವಯಸ್ಸು) ಮಗಳು, 16ರ ಹೊತ್ತಿಗೆ ಬರೆಯುವ ಜಿಸಿಎಸ್‌ಇ ಸಾರ್ವಜನಿಕ ಪರೀಕ್ಷೆಗೆ ಇವೆರಡರಲ್ಲಿ ಒಂದನ್ನು ಆರಿಸಬೇಕು. ಎಂಜಿನಿಯರ್ ಆಗುವ ಆಸೆ. ತ್ರೀ-ಡಿ ಡಿಸೈನ್‌ಗೆ ಲಿಖಿತ ಪರೀಕ್ಷೆ ಇಲ್ಲವಂತೆ; ಅದೇ ಹಗುರವಲ್ಲವೇ?)

ಪ್ರಿಯ ಓದುಗರೇ,

ಹಗುರವೆಂದು ಆರಿಸಬೇಡಿ. ತ್ರೀ-ಡಿ ಡಿಸೈನ್ ಕಲೆಯ ವಿಷಯ. ಎಕ್ಯೂಎ ಎಂಬ ಪರೀಕ್ಷಾ ಮಂಡಳಿಯಲ್ಲಿ ಶೇ. 60 ಅಂಕ ಪೋರ್ಟ್‌ಫೋಲಿಯೊಗೆ (ಮಾಡಿದ ಕೆಲಸಗಳ ಸಂಗ್ರಹಕ್ಕೆ), ಉಳಿದ 40 ಮಂಡಳಿ ಕೊಡುವ ವಿಷಯದ ಮೇಲಿನ ಕೆಲಸಕ್ಕೆ. ಆ ವಿಷಯಗಳಿರುವ ಪತ್ರಿಕೆ ಜನವರಿಯಲ್ಲೇ ಸಿಗುತ್ತದೆ. ವಾರಗಟ್ಟಲೆ ತಯಾರಿ ನಡೆಸಿ, ಕೊನೆಗೆ ಮೇಲ್ವಿಚಾರಣೆಯಲ್ಲಿ 10 ಗಂಟೆ ಕೆಲಸ ಮಾಡಬೇಕು. ಕೃತಿ ಎಷ್ಟೇ ಚೆನ್ನಾಗಿರಲಿ, ಅಲ್ಲಿಗೆ ತಲುಪಿದ ಚಿತ್ರ, ಪ್ರಯೋಗ, ಟಿಪ್ಪಣಿಗಳಿಲ್ಲದಿದ್ದರೆ ಹೆಚ್ಚು ಅಂಕ ಬಾರದು. ಮಣ್ಣಿನ ಕೆಲಸವಾದರೆ ದಿನಗಳನ್ನು ಹಿಂದಿನಿಂದ ಎಣಿಸಿಕೊಳ್ಳಬೇಕು: ಪಾತ್ರೆಯ ಗೋಡೆಯ ದಪ್ಪ ಒಂದೇ ಸಮ ಇರದಿದ್ದರೆ ತೆಳುಭಾಗ ಮೊದಲು ಒಣಗಿ ಬಿರುಕು ಬಿಡುತ್ತದೆ, ತೇವ ಉಳಿದಿದ್ದರೆ ಮಣ್ಣು ಸುಡುವ ಆವಿಗೆಯಲ್ಲಿ ಅದು ಹಬೆಯಾಗಿ ಪಾತ್ರೆಯನ್ನೇ ಸಿಡಿಸುತ್ತದೆ.

ಡಿಸೈನ್ ಅಂಡ್ ಟೆಕ್ನಾಲಜಿಯಲ್ಲಿ ಅರ್ಧ ಅಂಕ 2 ಗಂಟೆಯ ಲಿಖಿತ ಪರೀಕ್ಷೆಗೆ. ಅದರಲ್ಲಿ ಕನಿಷ್ಠ ಶೇ. 15 ಗಣಿತ. ಇನ್ನರ್ಧ, ಸುಮಾರು 30–35 ಗಂಟೆಯ ಒಂದು ಪ್ರಾಜೆಕ್ಟ್‌ಗೆ. ಪ್ರಾಜೆಕ್ಟಿಗೆ ಮಂಡಳಿ ಕೊಡುವ ವಿಷಯ-ಸಂದರ್ಭಗಳು ಪರೀಕ್ಷೆಯ ಹಿಂದಿನ ವರ್ಷದ ಜೂನ್ 1ಕ್ಕೆ ಪ್ರಕಟವಾಗುತ್ತವೆ. ಮಕ್ಕಳು ಎಡವುವುದು ಇಲ್ಲಿಯೇ. ಪ್ರಾಜೆಕ್ಟಿನ 100 ಅಂಕಗಳಲ್ಲಿ ವಸ್ತುವನ್ನು ತಯಾರಿಸುವುದಕ್ಕಿರುವುದು 20 ಮಾತ್ರ. ವಿನ್ಯಾಸದ ಯೋಚನೆಗಳಿಗೆ 20, ಅವನ್ನು ಬೆಳೆಸುವುದಕ್ಕೆ 20, ಪರಿಶೀಲನೆ ಮತ್ತು ಮೌಲ್ಯಮಾಪನಕ್ಕೆ 20. ಉಳಿದ 20 ಆರಂಭದ ಸಂಶೋಧನೆಗೂ ಬ್ರೀಫ್‌ಗೂ (ಏನನ್ನು, ಯಾರಿಗಾಗಿ ಮಾಡುತ್ತೇವೆಂಬ ವಿವರಣೆಗೂ) ಹಂಚಿದೆ. ಹೀಗಿದ್ದೂ ಅನೇಕರು ಸಮಯವನ್ನೆಲ್ಲ ವರ್ಕ್‌ಶಾಪಿನಲ್ಲೇ ಕಳೆದು, ಮೌಲ್ಯಮಾಪನವನ್ನು ಅವಸರದಲ್ಲಿ ಗೀಚುತ್ತಾರೆ.

ಒಂದು ಉದಾಹರಣೆ. ಲೇಸರ್ ಕಟರ್‌ನಲ್ಲಿ ಕತ್ತರಿಸಿದ ಪೆಟ್ಟಿಗೆಯ ಹಲ್ಲುಜೋಡಣೆ (ಹಲಗೆಗಳ ಅಂಚಿನ ಹಲ್ಲುಗಳು ಒಂದರೊಳಗೊಂದು ಕೂರುವ ಜೋಡಣೆ) ಹೆಚ್ಚಾಗಿ ಸಡಿಲವಾಗುತ್ತದೆ. 3 ಮಿ.ಮೀ. ಎಂದು ಮಾರುವ ಪ್ಲೈವುಡ್ ಅಳೆದರೆ 2.8 ಇರಬಹುದು, ಜೊತೆಗೆ ಕಿರಣವೂ 0.1–0.2 ಮಿ.ಮೀ.ನಷ್ಟು ಸುಟ್ಟು ತೆಗೆಯುತ್ತದೆ. ಹಲಗೆಯನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು, ಅದೇ ಹಲಗೆಯ ಚೂರಿನಲ್ಲಿ 2.6, 2.7, 2.8ರ ಸೀಳುಗಳನ್ನು ಕತ್ತರಿಸಿ, ಬಿಗಿಯಾಗಿ ಕೂರುವುದನ್ನು ಆರಿಸಲಿ. ಆ ಚೂರಿನ ಫೋಟೊ, ಅಳತೆ, ಆರಿಸಿದ ಕಾರಣ ಮೂರೂ ಪುಟಕ್ಕೆ ಬರಲಿ. ವಿನ್ಯಾಸ ಬೆಳೆಸಿದ್ದಕ್ಕೆ ಪರೀಕ್ಷಕರು ಹುಡುಕುವ ಪುರಾವೆ ಇದೇ.

ಎಂಜಿನಿಯರಿಂಗ್‌ಗೆ ವಿಶ್ವವಿದ್ಯಾಲಯಗಳು ಮುಖ್ಯವಾಗಿ ನೋಡುವುದು ಜಿಸಿಎಸ್‌ಇ ನಂತರದ ಎ-ಲೆವೆಲ್ ಹಂತದ ಗಣಿತ, ಭೌತಶಾಸ್ತ್ರ. ಆದ್ದರಿಂದ ಯಾವುದನ್ನು ಆರಿಸಿದರೂ ಆ ಬಾಗಿಲು ಮುಚ್ಚುವುದಿಲ್ಲ. ಅಳತೆ, ಬಲ, ಗೇರ್ ಎಂದರೆ ಅವಳಿಗೆ ಕುತೂಹಲವಿದ್ದರೆ ಡಿಸೈನ್ ಅಂಡ್ ಟೆಕ್ನಾಲಜಿಯೇ ಸರಿ ಎಂಬುದು ನಮ್ಮ ಅಭಿಪ್ರಾಯ. ಬಿಡುವಾದಾಗಲೆಲ್ಲ ಚಿತ್ರ ಬಿಡಿಸುವ, ಮಣ್ಣು-ತಂತಿಗಳಲ್ಲಿ ಆಕಾರ ಹುಡುಕುವ ಹುಡುಗಿಯಾದರೆ ತ್ರೀ-ಡಿ ಡಿಸೈನ್ ಕೊಡಿಸಿ. ಮುಂದೆ ವಾಸ್ತುಶಿಲ್ಪದತ್ತ ಮನಸ್ಸು ತಿರುಗಿದರೆ ಆ ಪೋರ್ಟ್‌ಫೋಲಿಯೊ ನೇರವಾಗಿ ನೆರವಾಗುತ್ತದೆ.

ಫಾರ್ಮ್ ತುಂಬುವ ಮೊದಲು ಶಾಲೆಯಲ್ಲಿ ಮಂಡಳಿ ಯಾವುದೆಂದು ಕೇಳಿ. ಮೇಲಿನ ಅಂಕಗಳ ಲೆಕ್ಕ ಎಕ್ಯೂಎಯದು. ಆವಿಗೆ, ಲೇಸರ್ ಕಟರ್ ಬಳಕೆಯಲ್ಲಿವೆಯೇ ನೋಡಿ. ಹಿಂದಿನ ಮಕ್ಕಳ ಸ್ಕೆಚ್ ಪುಸ್ತಕವೊಂದು, ಪ್ರಾಜೆಕ್ಟ್ ಕಡತವೊಂದು ಮಗಳ ಮುಂದಿಡಲು ಹೇಳಿ, ಯಾವುದನ್ನು ತಾನು ಮಾಡಬಲ್ಲೆ ಎನ್ನುತ್ತಾಳೋ ಅವಳನ್ನೇ ಕೇಳಿ.

– ಸಂಪಾದಕರು