ಪೇಸ್ಟೂ ಬೇಡ, ಐಸೂ ಬೇಡ, ನೀರು ಹಾಕಿ

ತಿಪಟೂರಿನ ಓದುಗರೊಬ್ಬರ ಪತ್ರ: ನಾಲ್ಕು ವರ್ಷದ ಮಗಳ ಮುಂಗೈ ಮೇಲೆ ಬಿಸಿ ಸಾರು ಚೆಲ್ಲಿತು. ಅತ್ತೆ ಟೂತ್‌ಪೇಸ್ಟ್ ಹಚ್ಚಿದರು, ನಾನು ಐಸ್ ಇಟ್ಟೆ. ಡಾಕ್ಟರು ಇಬ್ಬರಿಗೂ ಬೈದರು, 20 ನಿಮಿಷ ನೀರು ಹಾಕಬೇಕಿತ್ತಂತೆ. ನಮಗೆ ನಲ್ಲಿ ನೀರು ಬರೋದೇ ಎರಡು ದಿನಕ್ಕೊಮ್ಮೆ! ಪೇಸ್ಟ್ ಹಚ್ಚಿ ಅಂತ ನಿಮ್ಮ ಪತ್ರಿಕೆಯಲ್ಲೇ ಓದಿದ ನೆನಪು. ಈಗ ಗುಳ್ಳೆ ಎದ್ದಿದೆ, ಒಡೆಯಲೇ?

ಸಂಪಾದಕರ ಉತ್ತರ:

ಗುಳ್ಳೆ ಮುಟ್ಟಬೇಡಿ ಮೇಡಂ. ಒಳಗಿನ ಹಸಿ ಚರ್ಮಕ್ಕೆ ಅದೇ ಹೊದಿಕೆ. ತಾನಾಗೇ ಒಡೆದರೆ, ಕೀವು ಬಂದರೆ, ಜ್ವರ ಬಂದರೆ ಮತ್ತೆ ಡಾಕ್ಟರಿಗೆ ತೋರಿಸಿ.

ಇನ್ನು ನಿಮ್ಮ ನೆನಪು. ಹಳೆಯ ಸಂಚಿಕೆಗಳನ್ನು ಹುಡುಕಿದೆ, ನಮ್ಮ ಮನೆಮದ್ದು ಅಂಕಣದ ಮೂಲೆಯಲ್ಲಿ ಎರಡು ಸಾಲು ಹಾಗೇ ಅಚ್ಚಾಗಿದೆ. ಜಾಗ ಉಳಿದಿತ್ತು ಅಂತ ತುಂಬಿಸಿದ್ದು, ನೋಡಿದರೇ ಗೊತ್ತಾಗುತ್ತದೆ. ತಪ್ಪು ನಮ್ಮದು. ಅತ್ತೆಯವರ ಮೇಲೆ ಸಿಟ್ಟು ಬೇಡ.

ಒಗ್ಗರಣೆ ಹಾಕುವಾಗ ನೋಡಿರುತ್ತೀರಿ, ಗ್ಯಾಸ್ ಆರಿಸಿದ ಮೇಲೂ ಸಾಸಿವೆ ಚಟಪಟ ಅನ್ನುತ್ತಿರುತ್ತದೆ, ಕೆಂಪಗಿದ್ದ ಬೆಳ್ಳುಳ್ಳಿ ನೋಡ್ತಾ ನೋಡ್ತಾ ಕಪ್ಪಾಗುತ್ತದೆ, ಅಲ್ವಾ? ಚರ್ಮವೂ ಅಷ್ಟೇ. ಸಾರು ಒರೆಸಿದರೂ ಒಳಗೆ ಇಳಿದ ಬಿಸಿ ಸುಡುತ್ತಲೇ ಇರುತ್ತದೆ. ಪೇಸ್ಟ್ ಆ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ತಂಪು ಅನಿಸುವುದು ಪುದೀನದ ಗುಣ ಅಷ್ಟೇ. ಐಸ್ ರಕ್ತನಾಳಗಳನ್ನು ಬಿಗಿಸಿ, ಮೊದಲೇ ಬೆಂದ ಚರ್ಮಕ್ಕೆ ಇನ್ನಷ್ಟು ಪೆಟ್ಟು ಕೊಡುತ್ತದೆ. ನಾನು ಚಿಕ್ಕವನಿದ್ದಾಗ ಬಚ್ಚಲ ಹಂಡೆಗೆ ಕಾಲು ತಗುಲಿ ಸುಟ್ಟಿತ್ತು, ಅಜ್ಜಿ ನೀಲಿ ಇಂಕು ಸುರಿದರು. ಸುಟ್ಟದ್ದಕ್ಕಿಂತ ನರ್ಸಮ್ಮ ಆ ಇಂಕು ಉಜ್ಜಿ ತೆಗೆದಾಗಲೇ ನಾನು ಜಾಸ್ತಿ ಅತ್ತದ್ದು.

ನೀರಿನ ಪ್ರಶ್ನೆಗೆ ಬರ್ತೀನಿ. ನಲ್ಲಿಯೇ ಆಗಬೇಕೆಂದಿಲ್ಲ, ಡ್ರಮ್ಮಿನಲ್ಲಿ ಹಿಡಿದಿಟ್ಟ ಶುದ್ಧ ನೀರು ಸಾಕು. ಮೊದಲು ಬಳೆ, ಕಡಗ ತೆಗೆಯಿರಿ, ಊದಿಕೊಂಡ ಮೇಲೆ ಬರುವುದಿಲ್ಲ. ಬಟ್ಟೆ ಅಂಟಿಕೊಂಡಿದ್ದರೆ ಕೀಳಬೇಡಿ. ಕೆಳಗೆ ಟಬ್ ಇಟ್ಟು ಚೊಂಬಿನಿಂದ ಸಣ್ಣ ಧಾರೆಯಾಗಿ ಸುರಿಯುತ್ತಾ ಹೋಗಿ. ನೀರು ತೀರಾ ಕಮ್ಮಿ ಇದ್ದರೆ ಬೇಸಿನ್‌ನಲ್ಲಿ ಕೈ ಮುಳುಗಿಸಿ, ಬೆಚ್ಚಗಾದ ಕೂಡಲೇ ನೀರು ಬದಲಿಸಿ. ಗಡಿಯಾರ ನೋಡಿಕೊಂಡು 20 ನಿಮಿಷ. ಮಗು ಕಿರುಚುತ್ತಿರುವಾಗ ಎರಡು ನಿಮಿಷಕ್ಕೇ ಸಾಕಪ್ಪಾ ಅನಿಸುತ್ತದೆ, ಅದಕ್ಕೇ ಗಡಿಯಾರ. ಮೈ ಉಳಿದ ಭಾಗಕ್ಕೆ ಟವೆಲ್ ಸುತ್ತಿರಿ, ಮಕ್ಕಳಿಗೆ ಬೇಗ ಚಳಿ ಹಿಡಿಯುತ್ತದೆ. ಗಾಬರಿಯಲ್ಲಿ ಆಗಲೇ ನೀರು ಹಾಕಲಿಲ್ಲವೇ? 3 ಗಂಟೆಯೊಳಗೆ ಹಾಕಿದರೂ ಉಪಯೋಗವಿದೆ.

ಆಮೇಲೆ ಒಗೆದ ಹತ್ತಿ ಬಟ್ಟೆ ಸಡಿಲವಾಗಿ ಮುಚ್ಚಿ. ಹತ್ತಿಯನ್ನೇ ಇಡಬೇಡಿ, ಎಳೆ ಅಂಟುತ್ತದೆ. ಚಿಕ್ಕ ಮಕ್ಕಳಿಗೆ ಗುಳ್ಳೆ ಎದ್ದರೆ, ಗಾಯ ಅವರದೇ ಅಂಗೈಗಿಂತ ದೊಡ್ಡದಿದ್ದರೆ, ಮುಖಕ್ಕೋ ಕೀಲಿಗೋ ತಾಗಿದ್ದರೆ, ಕರೆಂಟಿನದೋ ಆ್ಯಸಿಡ್ಡಿನದೋ ಆದರೆ ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಗಾಡಿ ಇಲ್ಲದಿದ್ದರೆ 108.

ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಬರುತ್ತದೆ, ಮನೆಮದ್ದಿನ ಅದೇ ಮೂಲೆಯಲ್ಲಿ, ಸ್ವಲ್ಪ ದಪ್ಪ ಅಕ್ಷರದಲ್ಲಿ.