ಎತ್ತರದ ಚುಚ್ಚುಮದ್ದು ಮಗನಿಗೆ ಕೊಡಿಸಬಹುದೇ?

ಪ್ರಶ್ನೆ: ನನ್ನ ಮಗನಿಗೆ 14 ವರ್ಷ, ಎತ್ತರ 4 ಅಡಿ 11 ಅಂಗುಲ. ಎರಡು ವರ್ಷದಿಂದ ಗರಡಿಮನೆಗೆ ಹೋಗುತ್ತಿದ್ದಾನೆ. ಬೆಳವಣಿಗೆಯ ಹಾರ್ಮೋನಿನ ಚುಚ್ಚುಮದ್ದು ಹಾಕಿಸಿದರೆ ಎತ್ತರವೂ ಕಸುವೂ ಬರುತ್ತವೆ, ತಾವೇ ತರಿಸಿಕೊಡುತ್ತೇವೆ ಎಂದು ಪರಿಚಿತ ಜಿಮ್ ತರಬೇತುದಾರರು ಹೇಳುತ್ತಾರೆ. ಇದು ಅಪರಾಧವೇ? ಟ್ಯೂಷನ್‌ಗೆ ಹಣ ಸುರಿಯುವುದು ತಪ್ಪಲ್ಲವೆಂದಾದರೆ ಇದು ಹೇಗೆ ತಪ್ಪು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ವೈದ್ಯರ ಚೀಟಿಯಿಲ್ಲದೆ ಇಂಥ ಔಷಧವನ್ನು ಮಾರುವುದು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಡಿ ಅಪರಾಧ. ಕ್ರೀಡೆಯ ಮಾತು ಬೇರೆ: ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ಪಟ್ಟಿಯಲ್ಲಿ ಈ ಹಾರ್ಮೋನು ಸ್ಪರ್ಧೆಯ ಸಮಯದಲ್ಲಷ್ಟೇ ಅಲ್ಲ, ಎಲ್ಲ ಕಾಲಕ್ಕೂ ನಿಷಿದ್ಧ. ನಮ್ಮ ದೇಶದಲ್ಲಿ 2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆ ಇದಕ್ಕೆ ಬಲ ಕೊಟ್ಟಿದೆ. ಸಿಕ್ಕಿಬಿದ್ದವರಿಗೆ ಅದರಡಿ ಜೈಲಿಲ್ಲ, ಆದರೆ ಆಡುವ ಹಕ್ಕು ಹೋಗುತ್ತದೆ; ಎಳೆಯ ಕ್ರೀಡಾಪಟುವಿಗೆ ಮದ್ದು ಕೊಟ್ಟ ತರಬೇತುದಾರರಿಗಂತೂ ಆಜೀವ ನಿಷೇಧವೂ ಬೀಳಬಹುದು.

ನಿಮ್ಮ ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣ. ಮೆದುಳಿನ ಬುಡದಲ್ಲಿದ್ದು ಈ ಹಾರ್ಮೋನನ್ನು ಸುರಿಸುವ ಪಿಟ್ಯುಟರಿ ಗ್ರಂಥಿ ಸರಿಯಾಗಿ ಕೆಲಸ ಮಾಡದ ಹುಡುಗನಿಗೆ ಇದೇ ಹಾರ್ಮೋನು ಚಿಕಿತ್ಸೆ, ಗ್ರಂಥಿ ಸರಿಯಿದ್ದು ತಂದೆತಾಯಿಯಂತೆ ಕುಳ್ಳಗಿರುವ ಹುಡುಗನಿಗೆ ಅದೇ ವರ್ಧನೆ ಎನ್ನುತ್ತೇವೆ. ಗೆರೆ ಅಷ್ಟು ಸ್ಪಷ್ಟವಲ್ಲ ಎಂಬುದನ್ನೂ ಒಪ್ಪಬೇಕು: ಕಾರಣವೇ ತಿಳಿಯದ ತೀವ್ರ ಕುಳ್ಳತನಕ್ಕೂ ಇದನ್ನು ಕೊಡಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2003ರಲ್ಲಿ ಅನುಮತಿ ಕೊಟ್ಟರು. ಆದ್ದರಿಂದ ‘ರೋಗವಿಲ್ಲದವನಿಗೆ ಕೊಡುವುದೇ ತಪ್ಪು’ ಎಂದು ನಾನು ಹೇಳಲಾರೆ. ಟ್ಯೂಷನ್ ಬೇಡವೆನಿಸಿದ ದಿನ ಹುಡುಗ ಅದನ್ನು ಬಿಡಬಹುದು. ಅಳತೆ ಮೀರಿದ ಹಾರ್ಮೋನಿನಿಂದ ದಪ್ಪಗಾದ ದವಡೆ, ಅಗಲಗೊಂಡ ಕೈಕಾಲುಗಳ ಮೂಳೆ ಮೊದಲಿನಂತಾಗುವುದಿಲ್ಲ, ಸಕ್ಕರೆ ಕಾಯಿಲೆಯ ಅಪಾಯವೂ ಉಂಟು. ಆ ಅಪಾಯ ಅವನ ಮೈಯದು, ನಿರ್ಧಾರ ಮಾತ್ರ ನಿಮ್ಮದು. ಪತ್ರದಲ್ಲಿ ಅವನ ಎತ್ತರ ಅಂಗುಲದ ಲೆಕ್ಕದಲ್ಲಿದೆ, ಅವನು ಏನೆನ್ನುತ್ತಾನೆ ಎಂಬುದಿಲ್ಲ. (ಅಂದಹಾಗೆ, ಇಂದಿನ ಕುಸ್ತಿ ಪಂದ್ಯಾವಳಿಗಳಲ್ಲಿ ಜೋಡಿ ಹಾಕುವುದು ತೂಕ ನೋಡಿ, ಎತ್ತರ ನೋಡಿ ಅಲ್ಲ, ಇದನ್ನು ನಿಮ್ಮ ಗರಡಿಯ ವಸ್ತಾದರೇ ಹೇಳಿಯಾರು.)

ಅನುಮಾನವಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಎಡಗೈಯ ಎಕ್ಸ್‌ರೇಯಲ್ಲಿ ಬೆರಳ ಮೂಳೆಗಳ ತುದಿಯ ಸಂದು ಇನ್ನೂ ತೆರೆದಿದೆಯೇ ಎಂದು ಅವರು ನೋಡುತ್ತಾರೆ. ಬೆಳೆಯುವ ಸಂದುಗಳು ಮುಚ್ಚಿಹೋಗಿದ್ದರೆ ಯಾವ ಚುಚ್ಚುಮದ್ದೂ ಎತ್ತರ ತರುವುದಿಲ್ಲ. ಮನೆಯ ಬಾಗಿಲ ಚೌಕಟ್ಟಿನ ಮೇಲೆ ಅವನ ಎತ್ತರಕ್ಕೆ ಗೆರೆ ಹಾಕಿಟ್ಟಿದ್ದರೆ ಅವನ್ನು ಅಳೆದು, ವರ್ಷ ಸಹಿತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ವರ್ಷಕ್ಕೆ ಎಷ್ಟು ಬೆಳೆದ ಎಂದು ಅವರು ಖಂಡಿತ ಕೇಳುತ್ತಾರೆ.